ಸ್ಥಳೀಯ ಬಾನುಲಿಯಲ್ಲಿ ಸ್ಥಳವೆಲ್ಲಿದೆ?

ಮುಂಬೈಯಲ್ಲಿ ರೇಡಿಯೋ ಹಚ್ಚಿದರೂ ಹೈದರಾಬಾದಿನಲ್ಲಿ ಹಚ್ಚಿದರೂ ಬೆಂಗಳೂರಿನಲ್ಲಿ ಹಚ್ಚಿದರೂ ಮುಂಜಾನೆಯ ಹೊತ್ತು ಕಿವಿಗೆ ಬೀಳುವುದು ಹೆಚ್ಚುಕಡಿಮೆ ಒಂದೇ ಬಗೆಯ ಸದ್ದು. ಭಾಷೆ ಬೇರೆ, ಹಾಡಿನ ಹೆಸರು ಬೇರೆ. ಆದರೆ ಉಸಿರುಬಿಡದೆ ನುಡಿಯುವ ನಿರೂಪಕ, ಫೋನು ಮಾಡಿ ಯಾರನ್ನೋ ಪೇಚಿಗೆ ಸಿಲುಕಿಸುವ ಹಾಸ್ಯ, ಹೊಸ ಚಲನಚಿತ್ರದ ನಾಲ್ಕಾರು ಗೀತೆಗಳ ಸತತ ಆವರ್ತನ, ನಡುನಡುವೆ ಆಭರಣದಂಗಡಿಯ ಜಾಹೀರಾತು ಇವುಗಳ ಕ್ರಮ ಮಾತ್ರ ಬದಲಾಗದು. ಈ ಕೇಂದ್ರಗಳೆಲ್ಲವೂ ತಮ್ಮನ್ನು ಆಯಾ ನಗರದ ದನಿಯೆಂದೇ ಕರೆದುಕೊಳ್ಳುತ್ತವೆ. ಒಂದು ದಿನ ಅದು ಮೌನವಾದರೆ ಆ ಊರಿಗೆ ಯಾವ ನಷ್ಟವಾದೀತು ಎಂದು ಕೇಳಿಕೊಂಡರೆ ಉತ್ತರ ಸುಲಭವಾಗಿ ಹೊಳೆಯುವುದಿಲ್ಲ. ಇದನ್ನು ಅಭಿರುಚಿಯ ಕುಸಿತವೆಂದು ಹಳಿದು ಕೈತೊಳೆದುಕೊಳ್ಳುವುದು ವಾಡಿಕೆ. ನಮ್ಮ ದೃಷ್ಟಿಯಲ್ಲಿ ಇದು ಅಭಿರುಚಿಯ ಪ್ರಶ್ನೆಯಲ್ಲ. ಈ ಏಕತಾನತೆಯ ಕಾರಣಗಳು ಕಾನೂನಿನಲ್ಲಿ, ವಾಣಿಜ್ಯದ ಲೆಕ್ಕಾಚಾರದಲ್ಲಿ ಹಾಗೂ ಆಡಳಿತದ ಕ್ರಮದಲ್ಲಿ ಅಡಗಿವೆ. ಅವನ್ನು ಬಿಡಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಹೊರನಾಡಿನಲ್ಲಿ ಕನ್ನಡವನ್ನು ಅಧ್ಯಯನ ಮಾಡುವವರಿಗೆ ಈ ವಿಷಯದಲ್ಲಿ ವಿಶೇಷ ಆಸಕ್ತಿಯಿರಲು ಕಾರಣವೂ ಇದೆ. ಅದನ್ನು ಮುಂದೆ ಹೇಳುತ್ತೇವೆ.

'ಸ್ಥಳೀಯ' ಎಂಬ ಪದಕ್ಕೆ ಬಾನುಲಿಯಲ್ಲಿ ಎರಡು ಅರ್ಥಗಳಿವೆ. ಇವೆರಡನ್ನೂ ಬೆರೆಸುವುದರಿಂದಲೇ ಗೊಂದಲ ಹುಟ್ಟುತ್ತದೆ. ಒಂದು, ಪ್ರೇಷಕದ ತರಂಗ ಎಷ್ಟು ದೂರ ತಲುಪುತ್ತದೆ ಎಂಬ ಭೌತಿಕ ಅರ್ಥ. ಇನ್ನೊಂದು, ಕಾರ್ಯಕ್ರಮ ಎಲ್ಲಿ ಬೇರೂರಿದೆ ಎಂಬ ಸಾಂಸ್ಕೃತಿಕ ಅರ್ಥ. ಮೊದಲನೆಯ ಅರ್ಥದಲ್ಲಿ ಇಂದಿನ ಎಫ್.ಎಂ. ಕೇಂದ್ರಗಳೆಲ್ಲವೂ ಸ್ಥಳೀಯವೇ, ಅವುಗಳ ತರಂಗ ನಗರದ ಆಸುಪಾಸನ್ನು ದಾಟಿ ಬಹುದೂರ ಹೋಗದು. ಎರಡನೆಯ ಅರ್ಥದಲ್ಲಿ ಅವುಗಳಲ್ಲಿ ಬಹುಪಾಲು ಯಾವ ಸ್ಥಳಕ್ಕೂ ಸೇರಿದವಲ್ಲ.

ಇವೆರಡೂ ಒಂದಾಗಿದ್ದ ಕಾಲವೊಂದಿತ್ತು. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಆರಂಭಿಸಿದ 'ಆಕಾಶವಾಣಿ'ಯ ಪ್ರೇಷಕದ ಸಾಮರ್ಥ್ಯ ಕೇವಲ 30 ವ್ಯಾಟ್. ಇಂದಿನ ಮನೆಯ ದೀಪವೊಂದರಷ್ಟು ಶಕ್ತಿ! ಊರಿನ ಗಾಯಕರು, ಊರಿನ ವಿದ್ವಾಂಸರು, ಊರಿನ ಶ್ರೋತೃಗಳು ಇವರನ್ನು ಬಿಟ್ಟರೆ ಅಂತಹ ಕೇಂದ್ರಕ್ಕೆ ಬೇರೆ ಬಂಡವಾಳವಿರಲು ಸಾಧ್ಯವೇ ಇರಲಿಲ್ಲ. ಬಡತನವೇ ಅದನ್ನು ಸ್ಥಳೀಯವನ್ನಾಗಿ ಮಾಡಿತ್ತೆಂದರೆ ತಪ್ಪಾಗದು. ಹೊರಗಿನಿಂದ ಸರಕು ತರಿಸುವುದು ಅಗ್ಗವಾದ ಮೇಲೆ ಊರಿನ ಸರಕನ್ನು ಹುಡುಕುವ ಶ್ರಮ ಯಾರಿಗೂ ಬೇಡವಾಯಿತು.

ಪುಣೆಯ ಓದುಗರಿಗೆ ಹತ್ತಿರದ ಮತ್ತೊಂದು ನಿದರ್ಶನವಿದೆ. 1956ರ ಆರಂಭದಲ್ಲಿ ಯುನೆಸ್ಕೋ ನೆರವಿನಿಂದ ಪುಣೆಯ ಆಕಾಶವಾಣಿ ಕೇಂದ್ರವು 'ಗ್ರಾಮೀಣ ರೇಡಿಯೋ ವೇದಿಕೆ' ಎಂಬ ಪ್ರಯೋಗವನ್ನು ನಡೆಸಿತು. ಕೊಲ್ಲಾಪುರವೂ ಸೇರಿದಂತೆ ಐದು ಜಿಲ್ಲೆಗಳ ಸುಮಾರು 150 ಹಳ್ಳಿಗಳಲ್ಲಿ ರೈತರ ಗುಂಪುಗಳು ವಾರಕ್ಕೆ ಎರಡು ಬಾರಿ ಒಟ್ಟಾಗಿ ಕುಳಿತು ಪ್ರಸಾರವನ್ನು ಕೇಳಿ, ಅದೇ ಜಾಗದಲ್ಲಿ ಚರ್ಚಿಸಿ, ತಮ್ಮ ಪ್ರಶ್ನೆಗಳನ್ನೂ ತೀರ್ಮಾನಗಳನ್ನೂ ಕೇಂದ್ರಕ್ಕೆ ಬರೆದು ಕಳುಹಿಸುತ್ತಿದ್ದವು. ಮುಂದಿನ ಪ್ರಸಾರಗಳಲ್ಲಿ ಅವುಗಳಿಗೆ ಉತ್ತರ ದೊರೆಯುತ್ತಿತ್ತು. ಮುಂಬೈಯ ಟಾಟಾ ಸಮಾಜವಿಜ್ಞಾನ ಸಂಸ್ಥೆಯ ನೆರವಿನಿಂದ ಪಾಲ್ ನ್ಯೂರಾತ್ ಅವರು ಇದರ ಮೌಲ್ಯಮಾಪನ ಮಾಡಿದರು. ವೇದಿಕೆಯಿದ್ದ ಹಳ್ಳಿಗಳಲ್ಲಿ ತಿಳಿವಳಿಕೆ ಗಮನಾರ್ಹವಾಗಿ ಹೆಚ್ಚಿತೆಂಬುದು ಅವರ ನಿಷ್ಕರ್ಷೆ. ನಾವು ಇಲ್ಲಿ ಗಮನಿಸಬೇಕಾದುದು ಫಲಿತಾಂಶವನ್ನಲ್ಲ, ವಿಧಾನವನ್ನು. ಕೇಳುಗನ ಮಾತು ಕೇಂದ್ರಕ್ಕೆ ಹಿಂದಿರುಗುವ ದಾರಿಯೊಂದಿತ್ತು. 1959ರ ನಂತರ ಈ ಯೋಜನೆ ದೇಶಾದ್ಯಂತ ಹರಡಿತು, ಹರಡಿದಂತೆ ತೆಳುವಾಯಿತು. ಗುಂಪುಗಳ ಸಂಖ್ಯೆ ದಾಖಲೆಗಳಲ್ಲಿ ಬೆಳೆಯಿತು, ಪತ್ರೋತ್ತರದ ಜೀವಂತಿಕೆ ಉಳಿಯಲಿಲ್ಲ.

ಆಕಾಶವಾಣಿಗೆ ಈ ಕೊರತೆ ತಿಳಿದಿರಲಿಲ್ಲವೆಂದಲ್ಲ. 1984ರ ಅಕ್ಟೋಬರಿನಲ್ಲಿ ತಮಿಳುನಾಡಿನ ನಾಗರಕೋಯಿಲಿನಲ್ಲಿ ದೇಶದ ಮೊದಲ 'ಸ್ಥಳೀಯ ಬಾನುಲಿ ಕೇಂದ್ರ' ಆರಂಭವಾದಾಗ ಅದರ ಹಿಂದಿದ್ದ ಕಲ್ಪನೆ ಉದಾತ್ತವಾಗಿತ್ತು. ಒಂದು ಜಿಲ್ಲೆಯಷ್ಟು ವ್ಯಾಪ್ತಿ, ಸಣ್ಣ ಸಿಬ್ಬಂದಿ, ಸ್ಟುಡಿಯೋಕ್ಕಿಂತ ಹೊಲಗದ್ದೆ ಸಂತೆಬೀದಿಗಳಲ್ಲಿ ಹೆಚ್ಚು ಧ್ವನಿಮುದ್ರಣ, ಸರಳವಾದ ಆಪ್ತ ಭಾಷೆ. ತೊಂಬತ್ತರ ದಶಕದಲ್ಲಿ ಚಿತ್ರದುರ್ಗ, ಹಾಸನ, ಹೊಸಪೇಟೆ, ಮಡಿಕೇರಿಗಳಲ್ಲಿ ಇಂತಹ ಕೇಂದ್ರಗಳು ತಲೆಯೆತ್ತಿದವು. ಮಡಿಕೇರಿಯಲ್ಲಿ ಕೊಡವ ಭಾಷೆ ಬಾನುಲಿಗೆ ಏರಿದುದು ಈ ಯೋಜನೆಯ ನಿಜವಾದ ಗಳಿಕೆ. ಮಂಗಳೂರು ಕೇಂದ್ರವು ಅದಕ್ಕೂ ಮೊದಲೇ ತುಳು, ಕೊಂಕಣಿಗಳಿಗೆ ಎಡೆಮಾಡಿಕೊಟ್ಟಿತ್ತು.

ಆದರೆ ಕೇಂದ್ರವನ್ನು ಕಟ್ಟಿದಷ್ಟು ಸುಲಭವಾಗಿ ಅದಕ್ಕೆ ಜನರನ್ನು ಕೊಡಲಾಗಲಿಲ್ಲ. ಕಾರ್ಯಕ್ರಮ ವಿಭಾಗದ ನೇಮಕಾತಿಗಳು ದೀರ್ಘಕಾಲ ಸ್ಥಗಿತಗೊಂಡವು. ನಿವೃತ್ತರಾದವರ ಕುರ್ಚಿಗಳು ಖಾಲಿ ಉಳಿದವು, ದಿನಗೂಲಿಯಂತೆ ಕರೆಸಿಕೊಳ್ಳುವ ತಾತ್ಕಾಲಿಕ ಉದ್ಘೋಷಕರ ಮೇಲೆ ಪ್ರಸಾರದ ಭಾರ ಬಿತ್ತು. ಹಳ್ಳಿಗೆ ಹೋಗಿ ಒಂದು ಗಂಟೆಯ ಕಾರ್ಯಕ್ರಮವನ್ನು ಮುದ್ರಿಸಿಕೊಂಡು ಬರಲು ವಾಹನ ಬೇಕು, ತಂತ್ರಜ್ಞ ಬೇಕು, ಸಂಕಲನಕ್ಕೆ ಎರಡು ದಿನ ಬೇಕು. ರಾಜಧಾನಿಯ ಕೇಂದ್ರದಿಂದಲೋ ವಿವಿಧಭಾರತಿಯಿಂದಲೋ ಸಹಪ್ರಸಾರ ಮಾಡಲು ಬೇಕಾಗುವುದು ಒಂದು ಗುಂಡಿ ಒತ್ತುವಷ್ಟು ಶ್ರಮ. ಇವೆರಡರ ನಡುವೆ ಯಾವುದು ಗೆಲ್ಲುತ್ತದೆಂಬುದನ್ನು ಊಹಿಸಲು ಪಾಂಡಿತ್ಯ ಬೇಕಿಲ್ಲ. 2018ರ ಕೊನೆಯಲ್ಲಿ ಹೈದರಾಬಾದು, ತಿರುವನಂತಪುರವೂ ಸೇರಿದಂತೆ ಐದು ನಗರಗಳಲ್ಲಿದ್ದ ಆಕಾಶವಾಣಿಯ ಪ್ರಾದೇಶಿಕ ತರಬೇತಿ ಕೇಂದ್ರಗಳನ್ನು ಮುಚ್ಚುವ ಆದೇಶ ಹೊರಟಿತು. ವೆಚ್ಚ ಕಡಿತ ಹಾಗೂ ಪ್ರಸಾರದ ಕ್ರಮಬದ್ಧೀಕರಣ ಎಂಬ ಹೆಸರಿನಲ್ಲಿ ನಡೆದ ಇಂತಹ ಕ್ರಮಗಳು ಒಂದೊಂದಾಗಿ ನೋಡಿದರೆ ತರ್ಕಬದ್ಧವಾಗಿಯೇ ಕಾಣುತ್ತವೆ. ಒಟ್ಟುಫಲವಾಗಿ ಜಿಲ್ಲಾ ಕೇಂದ್ರವೆಂಬುದು ಮರುಪ್ರಸಾರದ ಗೋಪುರವಾಗುವ ಹಾದಿ ಹಿಡಿಯಿತು.

ಖಾಸಗಿ ಕೇಂದ್ರಗಳ ಕಥೆ ಬೇರೆ. ಅಲ್ಲಿ ದುಡ್ಡಿತ್ತು, ಉತ್ಸಾಹವಿತ್ತು. ಕಾನೂನು ಅಡ್ಡ ಬಂತು. 1995ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಕ್ರಿಕೆಟ್ ಪ್ರಸಾರಕ್ಕೆ ಸಂಬಂಧಿಸಿದ ಮೊಕದ್ದಮೆಯಲ್ಲಿ ವಾಯುತರಂಗಗಳು ಸಾರ್ವಜನಿಕ ಸ್ವತ್ತೆಂದು ಸಾರಿತು. ಈ ತತ್ತ್ವದ ಮುಂದಿನ ಹೆಜ್ಜೆ ಸಾರ್ವಜನಿಕರ ಮಾತಿಗೆ ಅವಕಾಶ ಕೊಡುವುದಾಗಬೇಕಿತ್ತು, ಆದುದು ಹರಾಜು. 1999ರ ನೀತಿಯ ಅನ್ವಯ 40 ನಗರಗಳ 108 ತರಂಗಾಂತರಗಳನ್ನು ಹರಾಜಿಗಿಡಲಾಯಿತು. 2001ರ ಜುಲೈಯಲ್ಲಿ ಬೆಂಗಳೂರಿನಲ್ಲಿ ದೇಶದ ಮೊದಲ ಖಾಸಗಿ ಎಫ್.ಎಂ. ಕೇಂದ್ರ ಆರಂಭವಾಯಿತು. ಬಿಡ್ಡಿನಲ್ಲಿ ಕೂಗಿದ ಪರವಾನಗಿ ಶುಲ್ಕ ವರ್ಷವರ್ಷವೂ ಶೇಕಡಾ 15ರಂತೆ ಏರುತ್ತಿತ್ತು. ಆದಾಯ ಹಾಗೆ ಏರಲಿಲ್ಲ. ಬಹುಪಾಲು ಬಿಡ್ಡುದಾರರು ಹಿಂದೆ ಸರಿದರು, ಉಳಿದವರು ನಷ್ಟದಲ್ಲಿ ಮುಳುಗಿದರು. 2005ರ ಎರಡನೆಯ ಹಂತದಲ್ಲಿ ಒಟ್ಟು ಆದಾಯದ ಶೇಕಡಾ 4ರ ಪಾಲಿನ ಪದ್ಧತಿ ಬಂದು ಉದ್ಯಮ ಉಸಿರಾಡಿತಾದರೂ ಮೊದಲ ವರ್ಷಗಳ ಭಯ ಅದರ ಸ್ವಭಾವದಲ್ಲಿ ಉಳಿದುಕೊಂಡಿತು. ಪ್ರಯೋಗ ಮಾಡಿ ಸೋಲುವುದಕ್ಕಿಂತ ಗೆದ್ದವರನ್ನು ಅನುಕರಿಸುವುದು ಕ್ಷೇಮವೆಂಬುದು ಆ ಸ್ವಭಾವ.

ಇದಕ್ಕಿಂತಲೂ ದೊಡ್ಡ ಕಾರಣ ಸುದ್ದಿಯ ನಿಷೇಧ. ಖಾಸಗಿ ಪತ್ರಿಕೆ ಸುದ್ದಿ ಬರೆಯಬಹುದು, ಖಾಸಗಿ ದೂರದರ್ಶನ ವಾಹಿನಿ ಇಡೀ ದಿನ ಸುದ್ದಿಯನ್ನೇ ಕೂಗಬಹುದು. ಖಾಸಗಿ ಬಾನುಲಿಗೆ ಮಾತ್ರ ಮೊದಲ ಎರಡು ಹಂತಗಳಲ್ಲಿ ಸುದ್ದಿ ಹಾಗೂ ಪ್ರಚಲಿತ ವಿದ್ಯಮಾನಗಳು ಸಂಪೂರ್ಣ ವರ್ಜ್ಯ. 2011ರ ಮೂರನೆಯ ಹಂತದ ನೀತಿಯಲ್ಲಿ ಆಕಾಶವಾಣಿಯ ವಾರ್ತೆಗಳನ್ನು ಒಂದಕ್ಷರ ಬದಲಿಸದೆ ಮರುಪ್ರಸಾರ ಮಾಡುವ ಅನುಮತಿ ದೊರೆಯಿತು. ವಾಹನ ಸಂಚಾರ, ಹವಾಮಾನ, ಪರೀಕ್ಷಾ ಫಲಿತಾಂಶ, ಸಾಂಸ್ಕೃತಿಕ ಕಾರ್ಯಕ್ರಮಗಳು ಮೊದಲಾದವುಗಳನ್ನು 'ಸುದ್ದಿಯಲ್ಲದ' ಮಾಹಿತಿಯೆಂದು ಬಗೆದು ಒಪ್ಪಲಾಯಿತು. ಇದರ ಪರಿಣಾಮವನ್ನು ಯೋಚಿಸಿ ನೋಡಬೇಕು. ರಸ್ತೆಯಲ್ಲಿ ವಾಹನಗಳು ನಿಂತಿವೆ ಎಂದು ಕೇಂದ್ರ ಹೇಳಬಹುದು. ಆ ರಸ್ತೆಯ ಗುತ್ತಿಗೆ ಯಾರಿಗೆ ಸಿಕ್ಕಿತು, ಕಾಮಗಾರಿ ಏಕೆ ನಿಂತಿತು ಎಂದು ಕೇಳಹೊರಟರೆ ಅದು ಪ್ರಚಲಿತ ವಿದ್ಯಮಾನವಾಗುತ್ತದೆ. ಒಂದು ಊರನ್ನು ಮತ್ತೊಂದು ಊರಿನಿಂದ ಬೇರ್ಪಡಿಸುವುದು ಹಾಡಲ್ಲ. ಅಲ್ಲಿನ ನೀರಿನ ಜಗಳ, ಶಾಲೆಯ ಸ್ಥಿತಿ, ಪುರಸಭೆಯ ರಾಜಕಾರಣ, ಮಾರುಕಟ್ಟೆಯ ದರಗಳೇ ಊರಿನ ಗುರುತು. ಇವುಗಳಲ್ಲಿ ಹೆಚ್ಚಿನವನ್ನು ಆಡಬಾರದೆಂದ ಮೇಲೆ ಉಳಿಯುವುದು ಚಲನಚಿತ್ರಗೀತೆ ಮತ್ತು ಹರಟೆ. ನಿರೂಪಕನನ್ನು ಬರಿದೇ ಹರಟುತ್ತಾನೆಂದು ನಿಂದಿಸುವವರು ಅವನ ನಾಲಗೆಗೆ ಹಾಕಿರುವ ಕಟ್ಟನ್ನೂ ನೋಡಬೇಕು.

ಈ ನಿರ್ಬಂಧವನ್ನು ಪ್ರಶ್ನಿಸಿ 'ಕಾಮನ್ ಕಾಸ್' ಸಂಸ್ಥೆ 2013ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. 2023ರ ಸೆಪ್ಟೆಂಬರಿನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ಗಂಟೆಗೆ 10 ನಿಮಿಷಗಳವರೆಗೆ ಸುದ್ದಿಗೆ ಅವಕಾಶ ಕೊಡಬಹುದೆಂದು ಶಿಫಾರಸು ಮಾಡಿತು. ಪತ್ರಿಕೆಗೂ ದೂರದರ್ಶನಕ್ಕೂ ಇಲ್ಲದ ಅಪಾಯ ಬಾನುಲಿಯಲ್ಲಿ ಮಾತ್ರ ಏನಿದೆಯೆಂಬುದಕ್ಕೆ ತೃಪ್ತಿಕರ ಸಮಾಧಾನವನ್ನು ನಾವಂತೂ ಕಂಡಿಲ್ಲ.

ಕಾನೂನನ್ನು ಸಡಿಲಿಸಿದರೆ ಸಾಕೇ? ಅರ್ಥಶಾಸ್ತ್ರ ಬೇರೆ ಮಾತು ಹೇಳುತ್ತದೆ. 1952ರಲ್ಲಿ ಪೀಟರ್ ಸ್ಟೈನರ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು ಬಾನುಲಿ ಕೇಂದ್ರಗಳ ಪೈಪೋಟಿಯನ್ನು ಕುರಿತು ಬರೆದ ಪ್ರಬಂಧದ ತಿರುಳನ್ನು ನಮ್ಮದೇ ಆದ ಒಂದು ಕಲ್ಪಿತ ಲೆಕ್ಕದಿಂದ ವಿವರಿಸಬಹುದು. ಒಂದು ಊರಿನಲ್ಲಿ 100 ಮಂದಿ ಕೇಳುಗರಿದ್ದಾರೆನ್ನೋಣ. 72 ಮಂದಿಗೆ ಚಲನಚಿತ್ರಗೀತೆ ಬೇಕು, 18 ಮಂದಿಗೆ ರಂಗಗೀತೆ ಜನಪದಗೀತೆಗಳು ಬೇಕು, 10 ಮಂದಿಗೆ ಶಾಸ್ತ್ರೀಯ ಸಂಗೀತ ಬೇಕು. ಮೊದಲ ಕೇಂದ್ರ ಸಹಜವಾಗಿಯೇ 72ರ ಕಡೆಗೆ ಹೋಗುತ್ತದೆ. ಎರಡನೆಯದು ಅಲ್ಲಿಗೇ ಹೋದರೆ 36 ಮಂದಿ ಸಿಗುತ್ತಾರೆ, ರಂಗಗೀತೆಯತ್ತ ತಿರುಗಿದರೆ 18 ಮಾತ್ರ. ಮೂರನೆಯದಕ್ಕೂ ಚಲನಚಿತ್ರಗೀತೆಯಲ್ಲೇ 24ರ ಪಾಲು. ನಾಲ್ಕನೆಯದಕ್ಕೆ ಎರಡೂ ಕಡೆ 18. ಅದು ಹೊಸ ಹಾದಿ ಹಿಡಿಯಲು ಆಗಲೂ ವಿಶೇಷ ಕಾರಣವಿಲ್ಲ. ನಾಲ್ಕೂ ಚಲನಚಿತ್ರಗೀತೆಯಲ್ಲೇ ನಿಂತರೆ, ಐದನೆಯದು ಬಂದಾಗಲೇ ರಂಗಗೀತೆಗೆ ಬಾಗಿಲು ತೆರೆಯುವುದು. ಶಾಸ್ತ್ರೀಯ ಸಂಗೀತದ ಹತ್ತು ಮಂದಿ ಇನ್ನೂ ಎಷ್ಟೋ ಕೇಂದ್ರಗಳು ಬರುವ ತನಕ ಕಾದಿರಬೇಕು. ಇಲ್ಲಿ ಯಾರೂ ಮೂರ್ಖರಲ್ಲ, ಯಾರೂ ದುಷ್ಟರಲ್ಲ. ಪ್ರತಿಯೊಬ್ಬರೂ ತಮ್ಮ ಲಾಭವನ್ನು ಸರಿಯಾಗಿಯೇ ಲೆಕ್ಕಹಾಕಿ ಒಂದೇ ಹಾಡನ್ನು ನುಡಿಸುತ್ತಾರೆ. ಅದೇ ಊರಿನ ಮೂರು ತರಂಗಾಂತರಗಳೂ ಒಂದೇ ಸಂಸ್ಥೆಯ ಕೈಯಲ್ಲಿದ್ದರೆ ಮೂರು ಬಗೆಯ ಕಾರ್ಯಕ್ರಮ ಮಾಡಿ ನೂರು ಮಂದಿಯನ್ನೂ ಸೆಳೆಯುವುದು ಅದಕ್ಕೆ ಲಾಭಕರ. ಪೈಪೋಟಿ ವೈವಿಧ್ಯವನ್ನು ತಂದೇ ತರುತ್ತದೆಂಬ ನಂಬಿಕೆಯನ್ನು ಈ ಪ್ರಬಂಧ ಅಲುಗಾಡಿಸಿತು.

ಈ ಲೆಕ್ಕದಲ್ಲಿ ಒಬ್ಬ ಕೇಳುಗ ಇನ್ನೊಬ್ಬನಿಗೆ ಸಮ. ವಾಸ್ತವದಲ್ಲಿ ಹಾಗಿಲ್ಲ. ಜಾಹೀರಾತುದಾರನಿಗೆ ಬೇಕಾದುದು ಕೊಳ್ಳುವ ಶಕ್ತಿಯಿರುವ ಯುವಕರು. ಮುದುಕರೂ ಕೂಲಿಕಾರರೂ ಕಡಿಮೆ ತೂಕದವರು. ಆ ತೂಕವನ್ನು ಅಳೆಯುವ ಸಾಧನವೂ ಸೀಮಿತ. 2007ರಲ್ಲಿ ಆರಂಭವಾದ ಖಾಸಗಿ ಶ್ರೋತೃಗಣತಿ ವ್ಯವಸ್ಥೆ ವ್ಯಾಪಿಸಿದ್ದು ಮುಂಬೈ, ದೆಹಲಿ, ಬೆಂಗಳೂರು, ಕೋಲ್ಕತ್ತ ಈ ನಾಲ್ಕು ಮಹಾನಗರಗಳನ್ನು ಮಾತ್ರ. ಮಂಗಳೂರಿನ, ಸೊಲ್ಲಾಪುರದ ಕೇಳುಗನ ಇಷ್ಟಾನಿಷ್ಟಗಳು ಯಾವ ಕೋಷ್ಟಕದಲ್ಲೂ ಬರುವುದಿಲ್ಲ. ಅಳತೆಯಿಲ್ಲದ ಊರಿಗೆ ಅಳತೆಯಿರುವ ಊರಿನ ಅಂಗಿಯನ್ನೇ ತೊಡಿಸುತ್ತಾರೆ.

ಎರಡನೆಯ ಹಂತದಲ್ಲಿ ಕಾರ್ಯಕ್ರಮಗಳನ್ನು ಜಾಲವಾಗಿ ಹೆಣೆಯುವ ಅನುಮತಿ ಚಿಕ್ಕ ನಗರಗಳಿಗೆ ಸೀಮಿತವಾಗಿತ್ತು. ಮೂರನೆಯ ಹಂತದಲ್ಲಿ ಒಂದು ಸಂಸ್ಥೆ ತನ್ನೆಲ್ಲ ಕೇಂದ್ರಗಳನ್ನೂ ದೇಶಾದ್ಯಂತ ಹೀಗೆ ಹೆಣೆಯಬಹುದಾಯಿತು. ಇದರ ತುದಿ ಎಲ್ಲಿಗೆ ಮುಟ್ಟಬಹುದೆಂಬುದಕ್ಕೆ ಅಮೆರಿಕದ ನಿದರ್ಶನವಿದೆ. ಅಲ್ಲಿ 1996ರ ದೂರಸಂಪರ್ಕ ಕಾಯಿದೆ ಒಂದು ಸಂಸ್ಥೆ ಹೊಂದಬಹುದಾದ ಕೇಂದ್ರಗಳ ರಾಷ್ಟ್ರೀಯ ಮಿತಿಯನ್ನು ತೆಗೆದುಹಾಕಿತು. ಕೆಲವೇ ವರ್ಷಗಳಲ್ಲಿ 'ಕ್ಲಿಯರ್ ಚಾನೆಲ್' ಎಂಬ ಒಂದೇ ಸಂಸ್ಥೆಯ ಕೈಗೆ ಸಾವಿರಕ್ಕೂ ಮಿಕ್ಕಿ ಕೇಂದ್ರಗಳು ಬಂದವು. ಎಲ್ಲೋ ದೂರದ ನಗರದಲ್ಲಿ ಮೊದಲೇ ಮುದ್ರಿಸಿದ ನಿರೂಪಣೆಗೆ ಆಯಾ ಊರಿನ ಹೆಸರು ಜೋಡಿಸಿ ಪ್ರಸಾರ ಮಾಡುವ ಪದ್ಧತಿ ಸಾಮಾನ್ಯವಾಯಿತು. 2002ರ ಜನವರಿ 18ರ ನಡುರಾತ್ರಿಯ ನಂತರ ಉತ್ತರ ಡಕೋಟಾದ ಮೈನಾಟ್ ಪಟ್ಟಣದ ಬಳಿ ಸರಕು ರೈಲೊಂದು ಹಳಿತಪ್ಪಿ ಅಮೋನಿಯಾ ಅನಿಲದ ದಟ್ಟ ಮೋಡ ಊರನ್ನು ಕವಿಯಿತು. ಒಬ್ಬರು ಸತ್ತರು, ನೂರಾರು ಮಂದಿ ಆಸ್ಪತ್ರೆ ಸೇರಿದರು. ಆ ಊರಿನ ಆರು ವಾಣಿಜ್ಯ ಕೇಂದ್ರಗಳೂ ಈ ಒಂದೇ ಸಂಸ್ಥೆಯವು. ಜನರಿಗೆ ಎಚ್ಚರಿಕೆ ಕೊಡಿಸಲು ಪೊಲೀಸರು ಪ್ರಯತ್ನಿಸಿದಾಗ ಸಕಾಲದಲ್ಲಿ ಯಾರೂ ಸಿಗಲಿಲ್ಲ. ಪೊಲೀಸರು ತುರ್ತು ಎಚ್ಚರಿಕೆಯ ಉಪಕರಣವನ್ನು ಸರಿಯಾಗಿ ಅಳವಡಿಸಿಕೊಂಡಿರಲಿಲ್ಲವೆಂದು ಸಂಸ್ಥೆ ವಾದಿಸಿತು; ಆ ವಾದದಲ್ಲಿ ಹುರುಳಿಲ್ಲದಿರಲಿಲ್ಲ. ಆದರೂ ಕೇಂದ್ರದಲ್ಲಿ ಆ ಊರಿನ ಒಬ್ಬ ಮನುಷ್ಯ ಎಚ್ಚರವಾಗಿದ್ದಿದ್ದರೆ ಉಪಕರಣದ ಮಾತೇ ಬರುತ್ತಿರಲಿಲ್ಲ.

ಇದಕ್ಕೆ ವಿರುದ್ಧವಾದ ಚಿತ್ರವನ್ನು ಚೆನ್ನೈಯ ಓದುಗರು ಕಂಡಿದ್ದಾರೆ. 2015ರ ಡಿಸೆಂಬರಿನ ನೆರೆಯಲ್ಲಿ ವಿದ್ಯುತ್ತೂ ದೂರವಾಣಿಯೂ ಕೈಕೊಟ್ಟಾಗ ಅದೇ ಸಿನಿಮಾ ಹಾಡುಗಳ ಎಫ್.ಎಂ. ಕೇಂದ್ರಗಳು ಯಾವ ಬೀದಿಯಲ್ಲಿ ನೀರು ಏರಿದೆ, ಎಲ್ಲಿ ಅನ್ನ ಸಿಗುತ್ತದೆ, ಯಾರು ಯಾರನ್ನು ಹುಡುಕುತ್ತಿದ್ದಾರೆ ಎಂಬುದನ್ನು ಕೇಳುಗರ ಬಾಯಿಂದಲೇ ಬಿತ್ತರಿಸಿದವು. ನಿರೂಪಕರು ಅವರೇ, ಯಂತ್ರಗಳೂ ಅವೇ. ಸಾಮರ್ಥ್ಯದ ಅಭಾವವಿರಲಿಲ್ಲ; ಸಾಧಾರಣ ದಿನಗಳಲ್ಲಿ ಅದಕ್ಕೆ ಕೆಲಸ ಕೊಡುವವರಿಲ್ಲ ಅಷ್ಟೆ.

ಈಗ ಹೊರನಾಡ ಕನ್ನಡಿಗರ ಪ್ರಸಂಗಕ್ಕೆ ಬರೋಣ. ನಿಜಾಮರ ಕಾಲದ ಹೈದರಾಬಾದಿನ ಡೆಕ್ಕನ್ ರೇಡಿಯೋ ಉರ್ದುವಿನೊಡನೆ ತೆಲುಗು, ಮರಾಠಿ, ಕನ್ನಡಗಳಲ್ಲೂ ಪ್ರಸಾರ ಮಾಡುತ್ತಿತ್ತು. ದೆಹಲಿಯಿಂದ ದಶಕಗಳ ಕಾಲ ಕನ್ನಡ ವಾರ್ತೆಗಳು ಬಿತ್ತರಗೊಂಡವು. 1950ರ ಜನವರಿಯಲ್ಲಿ ಆರಂಭವಾದ ಧಾರವಾಡ ಕೇಂದ್ರದ ಮಧ್ಯಮತರಂಗ ಪ್ರಸಾರ ಮುಂದೆ 200 ಕಿಲೋವ್ಯಾಟ್ ಪ್ರೇಷಕದ ಬಲದಿಂದ 765 ಕಿಲೋಹರ್ಟ್ಸ್‌ನಲ್ಲಿ ರಾಜ್ಯದ ಗಡಿಗಳನ್ನು ಲೆಕ್ಕಿಸದೆ ಹರಿಯಿತು. ಸಾಂಗ್ಲಿ, ಕೊಲ್ಲಾಪುರ, ಸೊಲ್ಲಾಪುರಗಳ ಕನ್ನಡಿಗನಿಗೆ ಅದು ನೆರೆಮನೆಯ ದನಿ. ಮಧ್ಯಮತರಂಗ ನೆಲವನ್ನು ಹಿಡಿದು ಸಾಗುತ್ತದೆ, ರಾತ್ರಿಯ ಹೊತ್ತು ಆಕಾಶದ ಅಯಾನುಮಂಡಲಕ್ಕೆ ತಾಗಿ ಪ್ರತಿಫಲಿಸಿ ನೂರಾರು ಮೈಲಿ ಆಚೆ ಇಳಿಯುತ್ತದೆ. ಎಫ್.ಎಂ. ತರಂಗ ಕಣ್ಣಳತೆಯ ಹಾದಿಯಲ್ಲಿ ಚಲಿಸಿ ದಿಗಂತದಾಚೆಗೆ ಬಲುಬೇಗ ಕ್ಷೀಣಿಸುತ್ತದೆ. ಶುದ್ಧವಾದ ಧ್ವನಿಗಾಗಿ ನಾವು ತೆತ್ತ ಬೆಲೆ ಈ ದೂರ. ಖಾಸಗಿ ಪರವಾನಗಿಗಳು ನಗರವನ್ನು ಘಟಕವಾಗಿ ಹಿಡಿದುದರಿಂದ ಗಡಿಯಾಚೆಗಿನ ಭಾಷಿಕರು ಯಾರ ಮಾರುಕಟ್ಟೆಯೂ ಆಗಲಿಲ್ಲ. ಮುಂಬೈಯಲ್ಲಿ ಲಕ್ಷಗಟ್ಟಲೆ ಕನ್ನಡಿಗರಿದ್ದರೂ ಸ್ಟೈನರ್ ಅವರ ಲೆಕ್ಕದಲ್ಲಿ ಅವರು ಸರದಿಯ ತುದಿಯಲ್ಲಿ ನಿಂತ ಹತ್ತು ಮಂದಿ.

ಇಂದು ಪ್ರಸಾರಭಾರತಿಯ ಮೊಬೈಲು ತಂತ್ರಾಂಶದ ಮೂಲಕ ದೆಹಲಿಯಲ್ಲಿ ಕುಳಿತು ಧಾರವಾಡವನ್ನು ಕೇಳಬಹುದು. ದೂರದ ತೊಡಕು ಒಂದು ಬಗೆಯಲ್ಲಿ ನೀಗಿದೆ. ಆದರೆ ಹಾಗೆ ಹುಡುಕಿಕೊಂಡು ಹೋಗುವ ಕೇಳುಗನಿಗೆ ಧಾರವಾಡವೇ ಬೇಕು. ಅಲ್ಲಿನ ಮಾತಿನ ರಾಗ, ಅಲ್ಲಿನ ಮಳೆ, ಅಲ್ಲಿನ ಸಂತೆ ಬೇಕು. ಅಲ್ಲಿ ಸಿಗುವುದು ಬೆಂಗಳೂರಿನ ಸಹಪ್ರಸಾರವಾದರೆ ಅವನು ನೇರವಾಗಿ ಬೆಂಗಳೂರನ್ನೇ ಕೇಳಬಹುದು; ಹಾಡಷ್ಟೇ ಸಾಕಾದರೆ ರೇಡಿಯೋ ಬೇಕಾಗಿಯೇ ಇಲ್ಲ. ಎಲ್ಲ ಹಾಡುಗಳೂ ಜೇಬಿನಲ್ಲಿರುವ ಕಾಲದಲ್ಲಿ ಬಾನುಲಿ ಕೊಡಬಹುದಾದ ಏಕೈಕ ವಸ್ತು ಸ್ಥಳ. ಅದನ್ನೇ ಕೈಬಿಟ್ಟ ಕೇಂದ್ರವು ಅನಗತ್ಯವೆನಿಸಿದರೆ ಆಶ್ಚರ್ಯವಿಲ್ಲ.

ಭಾಷೆಯ ದೃಷ್ಟಿಯಿಂದ ನಷ್ಟ ಇನ್ನೂ ಆಳವಾದುದು. ಎನ್ಕೆ ಕುಲಕರ್ಣಿಯವರಂತಹ ಲೇಖಕರು ಧಾರವಾಡ ಆಕಾಶವಾಣಿಯಲ್ಲಿ ದುಡಿದರು. ಬೆಂಗಳೂರಿನಲ್ಲಿ ಎ.ಎಸ್. ಮೂರ್ತಿಯವರು 'ಆಕಾಶವಾಣಿ ಈರಣ್ಣ'ನೆಂದೇ ಮನೆಮಾತಾದರು. ಆಡುನುಡಿಗೆ ಮರ್ಯಾದೆಯ ಸ್ಥಾನವೊಂದು ಇಂಥವರಿಂದ ದೊರೆಯಿತು. ಆಕಾಶವಾಣಿಯ ವಾರ್ತೆಯ ಕನ್ನಡ ಗ್ರಾಂಥಿಕವೂ ಬಿಗುವೂ ಆಗಿತ್ತೆಂಬ ಆಕ್ಷೇಪ ಹಳೆಯದು, ನ್ಯಾಯವಾದುದು. ಆದರೆ ಅದೇ ಕೇಂದ್ರದ ಕೃಷಿರಂಗದಲ್ಲಿ, ಗ್ರಾಮೀಣ ನಾಟಕದಲ್ಲಿ ಬೇರೊಂದು ಕನ್ನಡವಿತ್ತು. ಖಾಸಗಿ ಎಫ್.ಎಂ. ಕೇಂದ್ರಗಳ ಕನ್ನಡದಲ್ಲಿ ಈ ಎರಡೂ ಇಲ್ಲ. ಇಂಗ್ಲಿಷ್ ಬೆರೆತ, ಊರಿನ ಗುರುತಿಲ್ಲದ ಒಂದು ನಗರನುಡಿ ಅಲ್ಲಿ ರೂಪುಗೊಂಡಿದೆ. ಅದೂ ಕನ್ನಡವೇ, ಅಧ್ಯಯನಕ್ಕೆ ಅರ್ಹವಾದುದೇ. ಮೈಸೂರಿನ ನಿರೂಪಕನೂ ಮಂಗಳೂರಿನ ನಿರೂಪಕನೂ ಅದನ್ನು ಒಂದೇ ಏರಿಳಿತದಲ್ಲಿ ನುಡಿಯುವುದು ಮಾತ್ರ ಚಿಂತೆಗೀಡುಮಾಡುತ್ತದೆ.

ಸಮುದಾಯ ಬಾನುಲಿ ಇದಕ್ಕೆ ಪರಿಹಾರವಾದೀತೆಂಬ ನಿರೀಕ್ಷೆಯಿತ್ತು. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 'ನಮ್ಮ ಧ್ವನಿ' ತಂಡದವರು ತರಂಗ ಪ್ರಸಾರಕ್ಕೆ ಅನುಮತಿಯಿಲ್ಲದ ದಿನಗಳಲ್ಲಿ ತಂತಿ ಎಳೆದು ಕೇಬಲ್ ಮೂಲಕವೇ ಹಳ್ಳಿಯ ದನಿಯನ್ನು ಹಳ್ಳಿಗೆ ಮುಟ್ಟಿಸಿದರು. 2006ರ ನೀತಿಯಿಂದ ಸ್ವಯಂಸೇವಾ ಸಂಸ್ಥೆಗಳಿಗೂ ಅವಕಾಶ ದೊರೆಯಿತು. 2008ರಲ್ಲಿ ಬೀದರಿಗೆ ಅನತಿದೂರದ ಜಹೀರಾಬಾದ್ ಸೀಮೆಯ ಮಾಚ್‌ನೂರಿನಲ್ಲಿ ದಲಿತ ಮಹಿಳೆಯರು ನಡೆಸುವ 'ಸಂಗಂ ರೇಡಿಯೋ' ಬಂದಿತು. ಬಿತ್ತನೆಯ ಬೀಜ, ಸಿರಿಧಾನ್ಯ, ಹಬ್ಬದ ಹಾಡು ಇವುಗಳಿಗೆ ಅಲ್ಲಿ ಸ್ಥಾನವಿದೆ. ಇಂತಹ ಕೇಂದ್ರಗಳ ಪ್ರೇಷಕ ಸಾಮಾನ್ಯವಾಗಿ 100 ವ್ಯಾಟ್ ವಿಕಿರಣಶಕ್ತಿಗೆ ಸೀಮಿತ. ಕಾರ್ಯಕ್ರಮಗಳಲ್ಲಿ ಅರ್ಧದಷ್ಟಾದರೂ ಸ್ಥಳೀಯರ ಭಾಗವಹಿಸುವಿಕೆಯಿಂದ ಸಿದ್ಧವಾಗಿರಬೇಕು. ಜಾಹೀರಾತಿನ ಮಿತಿ ಗಂಟೆಗೆ 5 ನಿಮಿಷವಿದ್ದುದು ಹಂತಹಂತವಾಗಿ ಏರಿ 2024ರಲ್ಲಿ 12 ನಿಮಿಷಕ್ಕೆ ಬಂದಿತು. ಇವುಗಳಲ್ಲೂ ಎಲ್ಲವೂ ಸರಿಯಾಗಿದೆಯೆನ್ನಲಾರೆವು. ಸ್ವಂತ ವರಮಾನವಿಲ್ಲದ ಕೇಂದ್ರಗಳು ಸರ್ಕಾರದ ಪ್ರಚಾರ ಘೋಷಣೆಗಳನ್ನೂ ದಾನಿಸಂಸ್ಥೆಗಳ ಉಪದೇಶಗಳನ್ನೂ ನೆಚ್ಚಿಕೊಂಡಾಗ ಇನ್ನೊಂದು ಬಗೆಯ ಸಪ್ಪೆತನ ಕಾಣಿಸಿಕೊಳ್ಳುತ್ತದೆ. 2024ರ ಆಗಸ್ಟಿನಲ್ಲಿ ಕೇಂದ್ರ ಸಚಿವಸಂಪುಟವು ಇನ್ನೂ 234 ನಗರಗಳಲ್ಲಿ 730 ಖಾಸಗಿ ಎಫ್.ಎಂ. ವಾಹಿನಿಗಳ ಹರಾಜಿಗೆ ಸಮ್ಮತಿಸಿದಾಗ ಮಾತೃಭಾಷೆಯಲ್ಲಿ ಸ್ಥಳೀಯ ಕಾರ್ಯಕ್ರಮಗಳು ಹೆಚ್ಚುವುವೆಂಬ ಆಶಯ ವ್ಯಕ್ತವಾಯಿತು. ಮೇಲೆ ವಿವರಿಸಿದ ಲೆಕ್ಕ ಬದಲಾಗದೆ ವಾಹಿನಿಗಳ ಸಂಖ್ಯೆ ಮಾತ್ರ ಹೆಚ್ಚಿದರೆ ಆ ಆಶಯ ಕೈಗೂಡುವುದು ಕಷ್ಟವೆಂದು ನಮ್ಮ ಅನಿಸಿಕೆ.

ಸಂಶೋಧಕರ ಕೈಯಲ್ಲಿರುವ ಕೆಲಸವೊಂದನ್ನು ಇಲ್ಲಿ ಸೂಚಿಸಬೇಕು. ಧ್ವನಿಸುರುಳಿಗಳು ದುಬಾರಿಯಾಗಿದ್ದ ದಿನಗಳಲ್ಲಿ ಪ್ರಸಾರವಾದುದನ್ನು ಅಳಿಸಿ ಅದೇ ಸುರುಳಿಯನ್ನು ಮತ್ತೆ ಬಳಸುವುದು ವಾಡಿಕೆಯಾಗಿತ್ತು; ಗಣ್ಯರ ಭಾಷಣಗಳೂ ಶಾಸ್ತ್ರೀಯ ಸಂಗೀತವೂ ಕೆಲಮಟ್ಟಿಗೆ ಉಳಿದವು, ರೈತನ ಸಂದರ್ಶನ ಉಳಿಯಲಿಲ್ಲ. ಸಮುದಾಯ ಬಾನುಲಿಗಳು ತಾವು ಬಿತ್ತರಿಸಿದುದನ್ನು ಮೂರು ತಿಂಗಳ ಕಾಲ ಕಾಪಿಡಬೇಕೆಂದು ನಿಯಮವಿದೆ; ಆ ಬಳಿಕ ಇಡಬೇಕೆಂಬ ಕಟ್ಟುಪಾಡಿಲ್ಲ. ಉಪಭಾಷಾ ಅಧ್ಯಯನಕ್ಕೆ ಇದಕ್ಕಿಂತ ಸಮೃದ್ಧವಾದ ಆಕರ ಬೇರೆಡೆ ಸಿಗುವುದು ದುರ್ಲಭ. ಗಡಿಭಾಗದ ಮನೆಗಳಲ್ಲಿ ಕೇಳುಗರು ಕ್ಯಾಸೆಟ್ಟುಗಳಲ್ಲಿ ಹಿಡಿದಿಟ್ಟ ನಾಟಕ, ಸಂಭಾಷಣೆ, ಕೃಷಿರಂಗದ ತುಣುಕುಗಳು ಇನ್ನೂ ದೊರೆಯುವ ಸಂಭವವಿದೆ. ಅವನ್ನು ಸಂಗ್ರಹಿಸುವವರು ಪ್ರಸಾರವಾದ ಕೇಂದ್ರ, ಅಂದಾಜು ವರ್ಷ, ಮಾತನಾಡಿದವರ ಊರು ಇವಿಷ್ಟನ್ನಾದರೂ ಕ್ಯಾಸೆಟ್ಟಿನ ಮೇಲೆಯೇ ಗುರುತುಮಾಡಿಕೊಳ್ಳುವುದು ಒಳ್ಳೆಯದು. ಕ್ಯಾಸೆಟ್ಟಿನ ಪಟ್ಟಿಯ ಮೇಲಿನ ಕಾಂತಲೇಪ ಉದುರುವ ಮುನ್ನ ಪ್ರತಿ ಮಾಡಿಸಬೇಕು.